ಇಳಿಯದವರು ಬೆಟ್ಟ ಹತ್ತಿದವರೇ ಅಲ್ಲ

ನಮಸ್ಕಾರ ಸ್ನೇಹಿತರೇ. ಇವತ್ತು ಶೂ ಬಗ್ಗೆ ಮಾತಾಡೋಣ ಅಂತಿದ್ದೆ. ಆದರೆ ಬೆಳಿಗ್ಗೆ ಒಂದು ಕಾಮೆಂಟ್ ನೋಡಿ ಕೈಯಲ್ಲಿದ್ದ ಕಾಫಿ ಆರಿಹೋಯಿತು.

ಹೋದ ವಾರ ಚಾಮುಂಡಿ ಬೆಟ್ಟವನ್ನು ಮೆಟ್ಟಿಲಲ್ಲಿ ಹತ್ತಿ, ಆ ಕಡೆ ಉತ್ತನಹಳ್ಳಿಗೆ ನಡೆದೇ ಇಳಿದ ವಿಡಿಯೋ ಹಾಕಿದ್ದೆ. ಅದಕ್ಕೆ ಒಬ್ಬರು ಬರೆದಿದ್ದಾರೆ: "ಹತ್ತಿದ್ರೆ ಮುಗೀತು ಗುರು. ಇಳಿಯೋಕೆ 201 ನಂಬರ್ ಬಸ್ಸಿದೆ. ಸುಮ್ನೆ ಯಾಕೆ ಒದ್ದಾಡ್ತೀಯಾ?" ಅದಕ್ಕೆ ನಲವತ್ತೆರಡು ಲೈಕು. ನನ್ನ ವಿಡಿಯೋಗೇ ಅಷ್ಟು ಬಂದಿಲ್ಲ.

ಸ್ವಾಮಿ, ಮುಗಿಯಲಿಲ್ಲ. ಅರ್ಧ ಆಯಿತು ಅಷ್ಟೇ. ದೇವಸ್ಥಾನದಲ್ಲಿ ಗರ್ಭಗುಡಿಯ ಹಿಂದಿನವರೆಗೆ ಹೋಗಿ, ಅಲ್ಲಿಂದಲೇ ಆಟೋ ಹತ್ತಿದರೆ ಅದನ್ನು ಪ್ರದಕ್ಷಿಣೆ ಅಂತೀರಾ? ಬೆಟ್ಟಕ್ಕೂ ಅದೇ ಲೆಕ್ಕ. ಒಂದು ಕಡೆ ಹತ್ತಬೇಕು, ಇನ್ನೊಂದು ಕಡೆ ಇಳಿಯಬೇಕು.

ಹತ್ತುವಾಗ ನೀವು ನೋಡುವುದೇನು ಹೇಳಿ? ಮೆಟ್ಟಿಲು. ದೊಡ್ಡ ದೇವರಾಜ ಒಡೆಯರ್ ಕಾಲದ ಮೆಟ್ಟಿಲು. ಸಾವಿರ ಅಂತಾರೆ, ಸಾವಿರದೆಂಟು ಅಂತಾರೆ. ನಾನು ಮೂರು ಸಲ ಎಣಿಸಿದ್ದೇನೆ, ಮೂರು ಸಲವೂ ನಂದಿ ಹತ್ತಿರ ಸೌತೆಕಾಯಿ ತಿನ್ನುವಾಗ ಲೆಕ್ಕ ತಪ್ಪಿದೆ. ಮೊದಲರ್ಧ ಕಡಿದು. ಕತ್ತು ಬಗ್ಗಿಸಿಕೊಂಡೇ ಹೋಗಬೇಕು. ಮುಂದೆ ಒಬ್ಬ ಹೆಂಗಸು ಪ್ರತಿ ಮೆಟ್ಟಿಲಿಗೂ ಅರಿಶಿನ, ಕುಂಕುಮ ಇಡುತ್ತಾ ಹೋಗುತ್ತಿದ್ದರು. ಬೆರಳೆಲ್ಲಾ ಕೆಂಪು, ಸೊಂಟ ಹಿಡಿದುಕೊಂಡರೆ ಸೀರೆ ಮೇಲೂ ಐದು ಬೆರಳಿನ ಗುರುತು. ಹಿಂದೆ ಮೈಸೂರು ಇಡೀ ಹರಡಿಕೊಂಡಿದೆ, ನಾವು ಅದಕ್ಕೆ ಬೆನ್ನು ಹಾಕಿ ಏದುಸಿರು ಬಿಡುತ್ತಿದ್ದೇವೆ.

ಇಳಿಯುವಾಗ ತಲೆ ಎತ್ತಬಹುದು. ಮೆಟ್ಟಿಲ ಕಡೆಯ ಬೆಟ್ಟ ಊರಿನದು. ಉತ್ತನಹಳ್ಳಿ ಕಡೆಯ ಬೆಟ್ಟ ಕಾಡಿನದು. ಕುರುಚಲು ಕಾಡು, ನವಿಲು ಕೂಗು. ಕೆಳಗೆ ಜ್ವಾಲಾಮುಖಿ ತ್ರಿಪುರಸುಂದರಿ, ಚಾಮುಂಡಿಯ ತಂಗಿ. ರಕ್ತಬೀಜನ ರಕ್ತ ನೆಲಕ್ಕೆ ಬೀಳದ ಹಾಗೆ ನಾಲಿಗೆ ಚಾಚಿ ಅಕ್ಕನಿಗೆ ನೆರವಾದವಳು ಅಂತ ಕಥೆ. ಅಕ್ಕನ ಮನೆಗೆ ಹೋಗಿ ತಂಗಿಯನ್ನು ಮಾತಾಡಿಸದೆ ಬಸ್ಸು ಹತ್ತುತ್ತೀರಲ್ಲಾ, ನಿಮ್ಮ ಮನೆಯಲ್ಲೂ ಹೀಗೇನಾ?

"ಮಂಡಿ ಹೋಗುತ್ತೆ ಸಾರ್" ಅಂತ ಇನ್ನೊಬ್ಬರು. ಸರಿ, ಇಳಿಯುವಾಗ ಮಂಡಿಗೆ ಭಾರ ಜಾಸ್ತಿ, ನಿಜ. ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು, ಬ್ರೇಕ್ ಹಿಡಿದ ಹಾಗೆ. ಮಾರನೇ ದಿನ ನೋಯುವುದು ಅದಕ್ಕೇ. ಅದಕ್ಕೇ ನಾನು ಮೆಟ್ಟಿಲು ಬಿಟ್ಟು ರಸ್ತೆಯಲ್ಲಿ ಇಳಿಯಿರಿ ಅಂತಿರುವುದು! ಸಣ್ಣ ಹೆಜ್ಜೆ ಇಡಿ, ಸಾಕು. ಮಂಡಿ ನೋವಿನ ಬಗ್ಗೆ ಬರೆದವರ ಪ್ರೊಫೈಲ್ ಫೋಟೋದಲ್ಲಿ ಅವರು ಬುಲೆಟ್ ಗಾಡಿಗೆ ಕಿಕ್ ಹೊಡೆಯುತ್ತಿದ್ದಾರೆ. ಅದಕ್ಕೆ ಮಂಡಿ ಬೇಡವಾ?

"ಚಿರತೆ ಇದೆ." ಇದೆ. ಅದಕ್ಕೇ ಹಗಲು ಹೊತ್ತು ಹೋಗಿ, ರಸ್ತೆ ಬಿಟ್ಟು ಕಾಡಿಗೆ ನುಗ್ಗಬೇಡಿ. ಚಿರತೆಗೂ ಮಧ್ಯಾಹ್ನ ನಿದ್ದೆ ಬೇಕು.

ಹಾಂ, ಮರೆಯುವ ಮುಂಚೆ, ಸಬ್‌ಸ್ಕ್ರೈಬ್ ಮಾಡಿ. ನಮ್ಮ ಚಾನೆಲ್‌ನ ಟೋಪಿ ಬಂದಿದೆ, ಬಿಸಿಲಿಗೆ ಒಳ್ಳೆಯದು. ಮಂಗ ಕಿತ್ತುಕೊಂಡರೆ ನಾನು ಹೊಣೆ ಅಲ್ಲ. ನನ್ನದನ್ನು ಕಿತ್ತುಕೊಂಡಿದೆ.

ಎಲ್ಲಿದ್ದೆ? ಇಳಿಯುವುದು. 2021ರ ಮಳೆಯಲ್ಲಿ ನಂದಿ ಕಡೆಯ ರಸ್ತೆ ಕುಸಿಯಿತು ನೆನಪಿದೆಯಾ? ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಅದು ಬರೀ ಬ್ಯಾರಿಕೇಡ್. ನಡೆದು ಇಳಿಯುವವನಿಗೆ ಗೊತ್ತು, ಇಳಿಜಾರು ಎಷ್ಟು, ಮಣ್ಣು ಎಷ್ಟು ಸಡಿಲ, ಮಳೆ ನೀರು ಯಾವ ಕಡೆ ನುಗ್ಗುತ್ತದೆ ಅಂತ. ಬೆಟ್ಟ ಉಳಿಸಿ ಅಂತ ಸ್ಟೇಟಸ್ ಹಾಕುತ್ತೀರಿ. ಮೊದಲು ಬೆಟ್ಟ ಇಳಿಯಿರಿ!

ಅವತ್ತು ಅರ್ಧ ದಾರಿಯಲ್ಲಿ ಒಬ್ಬ ಅಜ್ಜಿ ಸಿಕ್ಕರು. ತಲೆ ಮೇಲೆ ಸೌದೆ ಹೊರೆ, ಬರಿಗಾಲು. ನನ್ನ ಕೋಲು, ಶೂ, ಬೆನ್ನುಚೀಲದಿಂದ ನೀರು ಹೀರುವ ಪೈಪು ಎಲ್ಲಾ ನೋಡಿ ಕೇಳಿದರು: "ಯಾಕ್ ಮಗ, ಬಸ್ಸು ಸಿಗ್ನಿಲ್ವಾ?"

ಅಜ್ಜಿಯ ಮಾತು ಬಿಡಿ. ಅವರು ದಿನಾ ಇಳಿಯುವವರು, ಅವರಿಗೆ ಹಕ್ಕಿದೆ. ನಿಮಗಿಲ್ಲ. ಇಳಿಯದವರು ಹತ್ತಿದವರೇ ಅಲ್ಲ. ಯಾಕೆ? ಯಾಕೆಂದರೆ ಅಲ್ಲ. ಅಷ್ಟೇ.

ಈಗ ಕೇಳುತ್ತೀರಿ, ನನಗೆ ಗೊತ್ತು: ಉತ್ತನಹಳ್ಳಿಗೆ ಇಳಿದವನು, ಮೆಟ್ಟಿಲ ಪಾದದಲ್ಲಿ ನಿಲ್ಲಿಸಿದ್ದ ಸ್ಕೂಟರ್ ಹತ್ತಿರ ಹೇಗೆ ಬಂದೆ ಅಂತ. ವಿಡಿಯೋದಲ್ಲಿ ಆ ಭಾಗ ಕಟ್ ಆಗಿದೆ ಅಂತ.

ಆಟೋದಲ್ಲಿ ಬಂದೆ. ಹೌದು. ಅದು ಸಪಾಟು ರಸ್ತೆ, ಬೆಟ್ಟ ಅಲ್ಲ. ಸಪಾಟು ರಸ್ತೆಗೆ ರೂಲ್ಸು ಬೇರೆ. ಯಾರು ಮಾಡಿದ ರೂಲ್ಸು ಅಂತ ಕಾಮೆಂಟಲ್ಲಿ ಬೈಯಿರಿ, ಪರವಾಗಿಲ್ಲ. ಇಳಿದು ಬಂದು ಬೈಯಿರಿ.