ಜಾಡಿ ತುಂಬುವ ತಿಂಗಳು

ಕೇಳುಗರಿಗೆ ನಮಸ್ಕಾರ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅನ್ನುತ್ತಾರೆ. ಅದರ ಬೆನ್ನಿಗೇ ನಮ್ಮ ಮನೆಯ ದುಡ್ಡೂ ಓಡುತ್ತದೆ. ಯುಗಾದಿ ಬಟ್ಟೆ, ಸ್ಕೂಲ್ ಫೀಸು, ಬೋರ್ ಬತ್ತಿದರೆ ನೀರಿನ ಟ್ಯಾಂಕರು. ಹಾಗಾಗಿ ಈಗ ಕೈ ಬಿಗಿ ಹಿಡಿಯಿರಿ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ನಾನು ಮಾತ್ರ ಒಂದು ಕಡೆ ಧಾರಾಳವಾಗಿ ಖರ್ಚು ಮಾಡಿ ಅನ್ನುತ್ತೇನೆ. ಹುಣಸೆಹಣ್ಣಿಗೆ.

ತುಮಕೂರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಈಗ ಬಟವಾಡಿಯ ಎಪಿಎಂಸಿ ಯಾರ್ಡಿಗೆ ಹೋದರೆ ಹೊಸ ಹಣ್ಣಿನ ರಾಶಿ, ಬಾಯಲ್ಲಿ ನೀರು ತರಿಸುವ ಹುಳಿ ವಾಸನೆ. ಇದೇ ಹಣ್ಣನ್ನು ಮಳೆಗಾಲದಲ್ಲಿ ಕಾಲು ಕೆಜಿ ಪ್ಯಾಕೆಟ್ ಲೆಕ್ಕದಲ್ಲಿ ತರುವುದು ಯಾಕೆ? ತಿಂಗಳಿಗೆ ಅರ್ಧ ಕೆಜಿ ಅಂದರೂ ವರ್ಷಕ್ಕೆ ಆರು ಕೆಜಿ ಸಾಕು. ಬೀಜ ಸಮೇತದ ಹಣ್ಣು ಅಗ್ಗ ಅಂತ ಮರುಳಾಗಬೇಡಿ. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬೀಜ, ನಾರಿಗೇ ಹೋಗುತ್ತದೆ. ಕಳೆದು ನೋಡಿ, ಆಮೇಲೆ ಚೌಕಾಸಿ ಮಾಡಿ.

ಹೋದ ವರ್ಷ ನಾನು ಅವಸರಪಟ್ಟೆ. ಒಂದೇ ಬಿಸಿಲು ಕಾಯಿಸಿ ಪ್ಲಾಸ್ಟಿಕ್ ಡಬ್ಬಿಗೆ ತುಂಬಿದೆ. ಶ್ರಾವಣದಲ್ಲಿ ಮುಚ್ಚಳ ತೆಗೆದರೆ ಹುಳ. ನಮ್ಮತ್ತೆ ಒಂದು ಮಾತೂ ಆಡಲಿಲ್ಲ, ಅಟ್ಟದಿಂದ ಹಳೇ ಪಿಂಗಾಣಿ ಜಾಡಿ ಇಳಿಸಿಟ್ಟರು ಅಷ್ಟೆ. ಈ ಸಲ ಮೂರು ಬಿಸಿಲು ಆಯಿತು. ಒಂದು ಪದರ ಹಣ್ಣು, ಒಂದು ಹಿಡಿ ಕಲ್ಲುಪ್ಪು, ಮೇಲೆ ಬಿಳಿ ಬಟ್ಟೆ ಕಟ್ಟಿ ಮುಚ್ಚಳ. ಬೀಜ ಬಿಡಿಸುವಾಗ ಉಗುರಿನ ಸಂದಿ ಉರಿಯುತ್ತದೆ, ಮೊದಲೇ ಕೊಬ್ಬರಿ ಎಣ್ಣೆ ಸವರಿಕೊಳ್ಳಿ.

ಇನ್ನು ಕರೆಂಟು. ಗೃಹಜ್ಯೋತಿ ಇದೆಯಲ್ಲ ಅಂತ ಸುಮ್ನೆ ಕೂರಬೇಡಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ ನಿಮ್ಮ ತಲೆಗೇ. 75 ವ್ಯಾಟಿನ ಹಳೇ ಫ್ಯಾನು ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ ಇಪ್ಪತ್ತೆರಡೂವರೆ ಯೂನಿಟ್. ಯಾರೂ ಇಲ್ಲದ ಕೋಣೆಯಲ್ಲಿ ಅದು ಯಾರಿಗೆ ಗಾಳಿ ಹಾಕುತ್ತದೋ! ತಿಂಗಳ ನಡುವೆ ಒಮ್ಮೆ ಮೀಟರ್ ನೋಡಿ.

ಹಾಂ, ಬಿಡಿಸಿದ ಬೀಜ ಎಲ್ಲಾ ಎಸೆಯಬೇಡಿ. ನಾಲ್ಕು ದಪ್ಪ ಬೀಜ ಆರಿಸಿ, ಒಂದು ಮಗ್ಗುಲು ಬೆಳ್ಳಗಾಗುವವರೆಗೆ ಕಲ್ಲಿಗೆ ತೇಯಿರಿ. ರಜೆಯಲ್ಲಿ ಮಕ್ಕಳು ಜಗಲಿ ಮೇಲೆ ಚೌಕಾಬಾರ ಆಡಲಿ. ಜಗಲಿಗೆ ಫ್ಯಾನೂ ಬೇಡ.