ಅಕ್ಕಿಯೊಳಗಿನ ಬಿಳಿ ಕಲ್ಲು

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ನಾನು ಈ ದೃಷ್ಟಿ ವಿಜ್ಞಾನ ಸಭೆಗೆ ಬಂದಾಗ ಒಬ್ಬ ಹುಡುಗಿ ನೆಲದ ಮೇಲೆ ಕೂತು ಪೋಸ್ಟರ್ ಅಂಟಿಸುತ್ತಿದ್ದಳು. ಕತ್ತರಿ ಸಿಗದೆ ಟೇಪನ್ನು ಹಲ್ಲಿನಲ್ಲೇ ಕತ್ತರಿಸುತ್ತಿದ್ದಳು. ಆಮೇಲೆ ಗೊತ್ತಾಯಿತು, ಮಧ್ಯಾಹ್ನದ ಗೋಷ್ಠಿಯ ಅಧ್ಯಕ್ಷೆ ಅವಳೇ ಅಂತ. ನನಗೆ ತುಂಬಾ ಖುಷಿಯಾಯಿತು. ಬಂದ ಅಬ್‌ಸ್ಟ್ರಾಕ್ಟ್‌ಗಳನ್ನು, ಅಂದರೆ ಸಂಶೋಧನೆಯ ಸಾರಾಂಶಗಳನ್ನು, ಓದಿ ಆರಿಸಿದವರು ನೀವೇ, ಊಟಕ್ಕೆ ಎಷ್ಟು ಎಲೆ ಅಂತ ಲೆಕ್ಕ ಹಾಕಿದವರೂ ನೀವೇ. ಮಣಿಪಾಲದಿಂದ, ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ ಬಂದು ಮುಖ ತೊಳೆದು ಕೂತವರಿದ್ದೀರಿ.

ನನಗೆ ಕೊಟ್ಟ ವಿಷಯ 'ದೃಷ್ಟಿ ವಿಜ್ಞಾನದ ಮುಂದಿನ ದಾರಿ'. ಮೂರು ಮಾತು ಬರೆದುಕೊಂಡು ಬಂದಿದ್ದೆ. ಆದರೆ ಕಾಫಿ ಹೊತ್ತಿನಲ್ಲಿ ಒಬ್ಬ ವಿದ್ಯಾರ್ಥಿ ತಮ್ಮ ಸಂಶೋಧನೆಯ ಬಗ್ಗೆ ಹೇಳಿದ ಮಾತು ತಲೆಯಲ್ಲೇ ಕೂತಿದೆ. "ಪೋಸ್ಟರ್ ಪ್ರಿಂಟ್ ಮಾಡಿಸಿದೆ ಸರ್, ಬ್ಯಾಗಿನಲ್ಲೇ ಇದೆ. ರಿಸಲ್ಟ್ ಸರಿ ಬಂದಿಲ್ಲ, ಅದಕ್ಕೇ ಹಾಕಲಿಲ್ಲ" ಅಂದರು. ಹಾಗಾಗಿ ಮೊದಲನೆಯ ಮಾತಿನ ಬದಲು ಅದಕ್ಕೆ ಉತ್ತರ ಕೊಡುತ್ತೇನೆ. ಉತ್ತರ ಸ್ವಲ್ಪ ಉದ್ದ ಇದೆ.

ಸುಮಾರು ಇಪ್ಪತ್ತೈದು ವರ್ಷದ ಹಿಂದಿನ ಮಾತು. ಮದ್ದೂರಿನ ಆಚೆ ಒಂದು ಹಳ್ಳಿಯಲ್ಲಿ ಕಣ್ಣಿನ ಕ್ಯಾಂಪ್. ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ಕ್ಯಾಂಪ್ ಮಾಡಿದ ನಾಡು ನಮ್ಮದು. ಕ್ಯಾಂಪ್ ಅಂದರೆ ಜನಕ್ಕೆ ಜಾತ್ರೆಯಷ್ಟೇ ಪರಿಚಯ. ಶಾಲೆಯ ವರಾಂಡದಲ್ಲಿ ಚಾರ್ಟ್ ನೇತುಹಾಕಿಕೊಂಡು ನಾನು ನಿಂತಿದ್ದೆ. ಒಬ್ಬ ಅಜ್ಜಿ ಬಂದರು. ಓದು ಬರಹ ಇಲ್ಲ. ಇಂಗ್ಲಿಷಿನ ಇ ಅಕ್ಷರವನ್ನು ನಾಲ್ಕು ದಿಕ್ಕಿಗೂ ತಿರುಗಿಸಿದ ಚಾರ್ಟ್ ತೋರಿಸಿದೆ. ಅಜ್ಜಿ ನೋಡಿದ ಕೂಡಲೇ, "ಬಾಚಣಿಗೆ ಅಲ್ವಾ? ಹಲ್ಲು ಕೆಳಕ್ಕೈತೆ" ಅಂದರು. ನಾನು ಅವತ್ತಿನಿಂದ ಇವತ್ತಿನವರೆಗೂ ಎಲ್ಲರಿಗೂ ಬಾಚಣಿಗೆ ಅಂತಲೇ ಹೇಳಿಕೊಡುತ್ತೇನೆ. ಮಕ್ಕಳಿಗಂತೂ ಒಂದೇ ಸಲಕ್ಕೆ ಅರ್ಥವಾಗುತ್ತದೆ.

ಅಜ್ಜಿ 6/9 ಸಾಲಿನವರೆಗೂ ಸರಿಯಾಗಿ ಹೇಳಿದರು, ಅಂದರೆ ಪೂರ್ತಿ ದೃಷ್ಟಿಯಾದ 6/6ಕ್ಕಿಂತ ಸ್ವಲ್ಪವೇ ಕಡಿಮೆ. ಡಾಕ್ಟರು ನೋಡಿ, ಪೊರೆ ಈಗಷ್ಟೇ ಶುರುವಾಗಿದೆ, ಆಪರೇಷನ್ ಇನ್ನೂ ಬೇಡ ಅಂದರು. "ಚೆನ್ನಾಗಿ ಕಾಣ್ತಿದೆ ಅಜ್ಜಿ, ಏನೂ ತೊಂದರೆ ಇಲ್ಲ" ಅಂತ ನಾನು ಚೀಟಿ ಬರೆದೆ. ಅಜ್ಜಿ ಅಲ್ಲಾಡಲಿಲ್ಲ. "ಎಲ್ಲಾ ಕಾಣ್ತದೆ ಕಣಪ್ಪ. ಅಕ್ಕಿ ಆರಿಸೋವಾಗ ಬಿಳಿ ಕಲ್ಲು ಮಾತ್ರ ಕಾಣಾಕಿಲ್ಲ. ಮೊಮ್ಮಗ ಉಣ್ಣೋವಾಗ ಹಲ್ಲಿಗೆ ಸಿಕ್ತದೆ." ಹಿಂದೆ ಸಾಲು ಉದ್ದ ಇತ್ತು. ವಯಸ್ಸಾಯಿತಲ್ಲ ಅಜ್ಜಿ ಅಂತ ಹೇಳಿ ಕಳಿಸಿಬಿಟ್ಟೆ.

ನಿಮ್ಮಲ್ಲಿ ಎಷ್ಟೋ ಜನಕ್ಕೆ ಈಗಾಗಲೇ ಹೊಳೆದಿರುತ್ತದೆ. ಚಾರ್ಟ್‌ನಲ್ಲಿ ಇರುವುದು ಬಿಳಿ ಮೇಲೆ ಕಡುಕಪ್ಪು. ಮೊರದಲ್ಲಿ ಇರುವುದು ಬಿಳಿ ಮೇಲೆ ಬಿಳಿ. ಪೊರೆ ಶುರುವಾದಾಗ ಕಣ್ಣಿನೊಳಗೆ ಬೆಳಕು ಚದುರುತ್ತದೆ. ಕಪ್ಪು ಅಕ್ಷರ ಅದನ್ನು ತಡೆದುಕೊಂಡೀತು, ಅಕ್ಕಿಗೂ ಕಲ್ಲಿಗೂ ಇರುವ ಸಣ್ಣ ವ್ಯತ್ಯಾಸ ತಡೆದುಕೊಳ್ಳಲ್ಲ. ಕಾಂಟ್ರಾಸ್ಟ್ ಅಂತ ನಾವು ಕರೆಯುವ ವಿಷಯವನ್ನು ಅಜ್ಜಿ ಒಂದೇ ಮಾತಿನಲ್ಲಿ ಹೇಳಿದ್ದರು. ಅದನ್ನು ಅಳೆಯುವ ಪೆಲ್ಲಿ-ರಾಬ್ಸನ್ ಚಾರ್ಟ್ 1988ರಲ್ಲೇ ಬಂದಿತ್ತು. ಅಕ್ಷರ ಎಲ್ಲ ಒಂದೇ ಗಾತ್ರ, ಕೆಳಗೆ ಹೋದಂತೆ ಮಸುಕಾಗುತ್ತವೆ. ನಮ್ಮ ಕ್ಯಾಂಪಿನಲ್ಲಿ ಅದು ಇರಲಿಲ್ಲ. ಇದ್ದಿದ್ದರೂ ಅದರಲ್ಲಿರುವುದು ಇಂಗ್ಲಿಷ್ ಅಕ್ಷರ, ಅಜ್ಜಿ ಏನು ಓದಬೇಕು?

ಆ ರಾತ್ರಿ ನಿದ್ದೆ ಬರಲಿಲ್ಲ. ಊರಿಗೆ ಹೋದವನೇ ಮನೆಯಲ್ಲೇ ಪ್ರಯೋಗ ಶುರು ಮಾಡಿದೆ. ಅಮ್ಮನ ಮೊರ, ಒಂದು ಪಾವು ಅಕ್ಕಿ, ಎಣಿಸಿ ಹಾಕಿದ ಬಿಳಿ ಕಲ್ಲು. ಕಣ್ಣು ಚೆನ್ನಾಗಿರುವವರು ಬೇಗ ಆರಿಸುತ್ತಾರೆ, ಮಸುಕಾದವರು ಬಿಡುತ್ತಾರೆ ಅಂದುಕೊಂಡಿದ್ದೆ. ಆಗಿದ್ದು ಪೂರ್ತಿ ಉಲ್ಟಾ. 6/6 ಇದ್ದ ನನ್ನ ತಂಗಿ ಅರ್ಧ ಕಲ್ಲು ಬಿಟ್ಟಳು. ಕಣ್ಣು ಮಂಜಾಗಿದ್ದ ಪಕ್ಕದ ಮನೆಯ ಅಜ್ಜಿ ಹೆಚ್ಚುಕಮ್ಮಿ ಎಲ್ಲವನ್ನೂ ತೆಗೆದರು.

ಈ ಅಕ್ಕಿ ಆಟ ಸಂಶೋಧನೆ ಅಲ್ಲ ಅಂತ ಹಿರಿಯರೊಬ್ಬರು ಹೇಳಿದರು. ನೋಟ್‌ಬುಕ್ ಮುಚ್ಚಿಟ್ಟೆ. ಬಹಳ ವರ್ಷ ಕಳೆದ ಮೇಲೆ, ನಮ್ಮಮ್ಮ ಅಕ್ಕಿ ಆರಿಸುವಾಗ ಸುಮ್ನೆ ಕೂತು ಅವರ ಕೈ ನೋಡುತ್ತಿದ್ದೆ. ಅಮ್ಮ ಟಿವಿ ನೋಡುತ್ತಿದ್ದರು! ಕಲ್ಲು ಹುಡುಕುತ್ತಿದ್ದದ್ದು ಬೆರಳು. ನನ್ನ ಪ್ರಯೋಗ ಕೆಟ್ಟಿರಲಿಲ್ಲ. ಬೆರಳಿನ ಮಾತನ್ನು ನಾನು ಕೇಳಿಸಿಕೊಂಡಿರಲಿಲ್ಲ.

ಬೆರಳು ತಿಳಿದದ್ದು ಕಣ್ಣಿಗೆ ಹೇಗೆ ಗೊತ್ತಾಗುತ್ತದೆ? ಇದು ಹಳೆಯ ಪ್ರಶ್ನೆ. 1688ರಲ್ಲಿ ಡಬ್ಲಿನ್‌ನ ಮಾಲಿನ್ಯೂ ಎಂಬ ವಿದ್ವಾಂಸ ಇದನ್ನೇ ಪತ್ರದಲ್ಲಿ ಬರೆದು ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್‌ಗೆ ಕಳಿಸಿದ. ಹುಟ್ಟುಕುರುಡನೊಬ್ಬ ಮುಟ್ಟಿ ಮುಟ್ಟಿ ಗೋಲ ಯಾವುದು, ಘನ ಯಾವುದು ಅಂತ ಕಲಿತಿದ್ದಾನೆ. ಈಗ ಅವನಿಗೆ ಕಣ್ಣು ಬಂದರೆ, ಮುಟ್ಟದೆ ನೋಡಿಯೇ ಹೇಳಬಲ್ಲನೇ? ಮುನ್ನೂರು ವರ್ಷ ವಾದ ಮುಗಿಯಲಿಲ್ಲ. ಉತ್ತರ ಹುಡುಕಿದ್ದು ನಮ್ಮ ದೆಹಲಿಯಲ್ಲಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪವನ್ ಸಿನ್ಹಾ ಅವರ 'ಪ್ರಾಜೆಕ್ಟ್ ಪ್ರಕಾಶ್' ಹುಟ್ಟಿನಿಂದ ಕಾಣದ, ಆದರೆ ಚಿಕಿತ್ಸೆಯಿಂದ ಕಾಣಬಹುದಾದ ಮಕ್ಕಳಿಗೆ ಆಪರೇಷನ್ ಮಾಡಿಸಿತು. 2011ರಲ್ಲಿ ಫಲಿತಾಂಶ ಪ್ರಕಟವಾಯಿತು. 8ರಿಂದ 17 ವರ್ಷದ ಐದು ಮಕ್ಕಳು, ಆಟದ ಬ್ಲಾಕಿನಂಥ ವಸ್ತುಗಳು. ಕಣ್ಣು ಬಂದ ಹೊಸತರಲ್ಲಿ, ಮುಟ್ಟಿದ್ದನ್ನು ನೋಡಿ ಗುರುತಿಸಲು ಅವರಿಗೆ ಆಗಲಿಲ್ಲ. ಕೆಲವೇ ದಿನಗಳಲ್ಲಿ ಸುಧಾರಣೆ ಕಂಡಿತು. ಗಮನಿಸಿ, ಬರೀ ಐದು ಮಕ್ಕಳು! ಸಂಖ್ಯೆ ಸಾಲದು ಅಂತ ಅವರು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದರೆ?

ನನ್ನ ಮೊರದ ಪ್ರಯೋಗ ಅಷ್ಟು ದೊಡ್ಡದು ಅಂತ ನಾನು ಹೇಳುತ್ತಿಲ್ಲ. ಆದರೆ ಅವತ್ತು ಇಂಥ ಒಂದು ಸಭೆ ಇದ್ದಿದ್ದರೆ, ಪೋಸ್ಟರ್ ಮುಂದೆ ನಿಂತ ಯಾರಾದರೂ "ಕೈಗೆ ಗ್ಲೌಸ್ ಹಾಕಿಸಿ ನೋಡಿದ್ರಾ?" ಅಂತ ಕೇಳಿರುತ್ತಿದ್ದರು. ಅಷ್ಟೇ ಸಾಕಿತ್ತು. ದೊಡ್ಡ ಸಮ್ಮೇಳನಗಳು ಬೆಂದ ಅಡುಗೆ ಕೇಳುತ್ತವೆ. ಅರ್ಧ ಬೆಂದದ್ದನ್ನು ತಂದು, ಉಪ್ಪು ಸಾಕಾ ನೋಡಿ ಅಂತ ಕೇಳಲು ಇಂಥ ಜಾಗ ಬೇಕು. ಯುರೋಪಿನ ದೃಷ್ಟಿ ವಿಜ್ಞಾನದ ದೊಡ್ಡ ಸಮ್ಮೇಳನವೂ 1978ರಲ್ಲಿ ಜರ್ಮನಿಯ ಮಾರ್ಬರ್ಗ್‌ನಲ್ಲಿ ಸಣ್ಣ ಕಾರ್ಯಾಗಾರವಾಗಿಯೇ ಶುರುವಾದದ್ದು.

ಓ, ಚೀಟಿ ಬಂತು. ಐದು ನಿಮಿಷ.

ಎರಡನೆಯದು ಕನ್ನಡ ಅಕ್ಷರ. ಕಣ್ಣು ಪರೀಕ್ಷೆಗೆ ಡಚ್ ಡಾಕ್ಟರ್ ಸ್ನೆಲೆನ್ 1862ರಲ್ಲಿ ಮಾಡಿದ ಚಾರ್ಟ್ ಅವರ ಲಿಪಿಗೆ ಮಾಡಿದ್ದು. ನಮ್ಮಲ್ಲಿ ದ, ಧ, ಥ ನೋಡಿ. ಒಂದು ಗೀಟು, ಒಂದು ಚುಕ್ಕೆ, ಅಷ್ಟೇ ವ್ಯತ್ಯಾಸ. ವ ಮತ್ತು ಮ, ಪ ಮತ್ತು ಷ ಕೂಡ ಹಾಗೇ. ಇವುಗಳ ಪಕ್ಕದಲ್ಲಿ ಠ ಇಟ್ಟರೆ ಅದು ದೂರದಿಂದಲೇ ಗೊತ್ತಾಗುತ್ತದೆ. ಒಂದೇ ಸಾಲಿನಲ್ಲಿ ಸುಲಭದ ಅಕ್ಷರ, ಕಷ್ಟದ ಅಕ್ಷರ ಬೆರೆತರೆ ನಾವು ಅಳೆಯುತ್ತಿರುವುದು ಕಣ್ಣನ್ನೋ ಅಕ್ಷರವನ್ನೋ? ಇನ್ನು ಒತ್ತಕ್ಷರ ಕೆಳಗೆ ಇಳಿದು ಮುಂದಿನ ಸಾಲಿನ ಜಾಗವನ್ನೂ ತಿನ್ನುತ್ತದೆ. ಕಣ್ಣಂಚಿನ ನೋಟದಲ್ಲಿ ಅಕ್ಷರಕ್ಕೆ ಅಕ್ಷರ ಒತ್ತಿಕೊಂಡರೆ ಗುರುತು ಸಿಗದು ಅಂತ ನೀವೆಲ್ಲ ಓದಿದ್ದೀರಿ. ನಮ್ಮ ಒತ್ತು ಮೇಲಿಂದ ಕೆಳಕ್ಕೆ ಒತ್ತುತ್ತದೆ. ಅಲ್ಲಿ ಏನಾಗುತ್ತದೆ ಅಂತ ನಾವು ನೋಡದೆ ಇನ್ಯಾರು ನೋಡಬೇಕು?

ಮೂರನೆಯದು ಪ್ರಾದೇಶಿಕ ಜಾಲ, ಉಪಕರಣ ಹಂಚಿಕೊಳ್ಳುವುದು. ಅದನ್ನು ಊಟದ ಹೊತ್ತಿಗೆ ಮಾತಾಡೋಣ.

ಬ್ಯಾಗಿನಲ್ಲಿ ಪೋಸ್ಟರ್ ಇಟ್ಟುಕೊಂಡವರೇ, ನೀವು ಎಲ್ಲಿ ಕೂತಿದ್ದೀರೋ ಗೊತ್ತಿಲ್ಲ. ನೀರಿನ ಫಿಲ್ಟರ್ ಪಕ್ಕ ಒಂದು ಬೋರ್ಡ್ ಖಾಲಿ ಇದೆ, ನೋಡಿಕೊಂಡು ಬಂದಿದ್ದೇನೆ. ಟೇಪ್ ಆ ಅಧ್ಯಕ್ಷೆಯ ಹತ್ತಿರ ಇದೆ. ಮೂರೂವರೆಗೆ ಟೀ. ನಾನು ಅಲ್ಲೇ ನಿಂತಿರುತ್ತೇನೆ.