ಎರಡನೇ ಕಂಟ್ರೋಲರ್ ಯಾರ ಕೈಗೆ?

ಕೇಳುಗರಿಗೆ ನಮಸ್ಕಾರ.

ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಗೇಮ್ ಕನ್ಸೋಲ್, ಅಂದರೆ ವಿಡಿಯೋ ಗೇಮ್ ಆಡಿಸುವ ಪೆಟ್ಟಿಗೆ, ಯಾವುದು? ಆಟದ ಹುಚ್ಚಿರುವ ಯಾರನ್ನೇ ಕೇಳಿ, ಥಟ್ಟನೆ ಪ್ಲೇಸ್ಟೇಷನ್ 2 ಅನ್ನುತ್ತಾರೆ. ಸೋನಿ ಕಂಪನಿ ಇದನ್ನು 2000ರಲ್ಲಿ ಜಪಾನಿನಲ್ಲಿ ಬಿಟ್ಟಿತು. ಕಂಪನಿ ಕೊಟ್ಟ ಲೆಕ್ಕದಂತೆ 16 ಕೋಟಿ ಪೆಟ್ಟಿಗೆ ಹೋಗಿವೆ. ಅದರಲ್ಲಿ ಡಿವಿಡಿ ಸಿನಿಮಾನೂ ನೋಡಬಹುದಿತ್ತು. ಮನೆಯಲ್ಲಿ ಅಪ್ಪನನ್ನು ಒಪ್ಪಿಸಲು ಅಷ್ಟು ಸಾಕಿತ್ತು.

ಈ ಅಂಕಿಗಳನ್ನು ಹಿಡಿದುಕೊಂಡು ಯಾವ ಕಂಪನಿ ಗೆದ್ದಿತು, ಯಾವುದು ಸೋತಿತು ಎಂದು ಹುಡುಗರು ಗಂಟೆಗಟ್ಟಲೆ ಜಗಳ ಆಡುತ್ತಾರೆ. ಆ ಕಂಪನಿಗಳ ಷೇರು ಒಬ್ಬನ ಹತ್ತಿರವೂ ಇರುವುದಿಲ್ಲ, ಅದು ಬೇರೆ ಮಾತು. ನನಗೆ ಅನಿಸುವುದು ಇಷ್ಟೇ: ಈ ಲೆಕ್ಕದಲ್ಲಿ ಪೆಟ್ಟಿಗೆ ಇದೆ, ಕೈಗಳು ಇಲ್ಲ.

ನಮ್ಮ ಕರಾವಳಿಯನ್ನೇ ನೋಡಿ. ಭಟ್ಕಳ, ಹೊನ್ನಾವರ, ಕಾರವಾರದ ಎಷ್ಟೋ ಮನೆಗೆ ಕನ್ಸೋಲ್ ಬಂದದ್ದು ಇಲ್ಲಿನ ಅಂಗಡಿಯಿಂದಲ್ಲ. ಗಲ್ಫಿನಿಂದ ರಜೆಗೆ ಬಂದ ಚಿಕ್ಕಪ್ಪನ ಸೂಟ್‌ಕೇಸಿನಿಂದ. ಮಾರಾಟ ದುಬೈ ಲೆಕ್ಕಕ್ಕೆ, ಆಟ ನಮ್ಮ ಕೇರಿಗೆ. ನಿಂಟೆಂಡೊ ಕಂಪನಿಯಂತೂ ತನ್ನ ಸ್ವಿಚ್ ಕನ್ಸೋಲನ್ನು ಭಾರತದಲ್ಲಿ ಅಧಿಕೃತವಾಗಿ ಮಾರಿಯೇ ಇಲ್ಲ. ಆದರೂ ಇಲ್ಲಿ ಅದನ್ನು ಆಡುವವರಿದ್ದಾರೆ. ಇನ್ನು ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟರೆ ಮುಗಿಯಿತು. ಒಂದು ಟಿವಿ ಮುಂದೆ ಆರು ಮಕ್ಕಳು. ಕಂಪನಿಯ ಪುಸ್ತಕದಲ್ಲಿ ಅದು ಒಂದೇ ಪೆಟ್ಟಿಗೆ.

ಹಾಗಾಗಿ ಕನ್ಸೋಲ್ ಕೊಳ್ಳುವವರಿಗೆ ನಾನು ಮೊದಲು ಕೇಳುವುದು, ನಿಮ್ಮ ಜೊತೆ ಆಡುವವರು ಯಾರು ಅಂತ. ಅಕ್ಕನ ಮಗ ಪಕ್ಕದಲ್ಲೇ ಕೂರುತ್ತಾನೆ ಅಂದರೆ ಸ್ವಿಚ್ ಒಳ್ಳೆಯದು. ಅದರ ಎರಡು ಬದಿಯ ತುಂಡುಗಳನ್ನು ಕಳಚಿದರೆ ಎಷ್ಟೋ ಆಟಗಳಿಗೆ ಕೈಯಲ್ಲಿ ಹಿಡಿದು ಆಡುವ ಎರಡು ಕಂಟ್ರೋಲರ್ ಆದ ಹಾಗೆ. ಪ್ಲೇಸ್ಟೇಷನ್ 5ರ ಜೊತೆ ಬರುವುದು ಒಂದೇ. ಅದು 2021ರ ಫೆಬ್ರವರಿಯಲ್ಲಿ ನಮ್ಮ ದೇಶಕ್ಕೆ ಬಂದಾಗ ಬೆಲೆ 49,990 ರೂಪಾಯಿ. ಎರಡನೇ ಕಂಟ್ರೋಲರಿಗೆ ಮತ್ತೆ ಹತ್ತಿರ 6 ಸಾವಿರ. ಮೊದಲೆಲ್ಲ ಸ್ವಲ್ಪ ಕಾದರೆ ಬೆಲೆ ಇಳಿಯುತ್ತಿತ್ತು. ಈ ಕನ್ಸೋಲಿಗೆ ಕಾದವರು ಜಾಸ್ತಿಯೇ ಕೊಟ್ಟರು.

ಕಂಪ್ಯೂಟರಿನಲ್ಲೇ ಆಡುತ್ತೇವೆ ಅನ್ನುವವರಿಗೆ ಬೇರೆ ತಲೆಬಿಸಿ. 2025ರ ಕೊನೆಯಿಂದ ಕಂಪ್ಯೂಟರಿನ ಮೆಮೊರಿ, ಅಂದರೆ ರ‍್ಯಾಮ್ ಬೆಲೆ ಜೋರಾಗಿ ಏರಿತು. ಎಐ ನಡೆಸುವ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿವೆ, ನಮಗೆ ಉಳಿದದ್ದು ದುಬಾರಿ. ಆದರೂ ಒಂದು ಮಾತು. ಚಿತ್ರ ಬಿಡಿಸಲೆಂದೇ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್ ಆದರೆ 16 ಜಿಬಿ ಮೆಮೊರಿಯ ಒಂದೇ ಸ್ಟಿಕ್ ಹಾಕಿಸಬೇಡಿ. 8 ಜಿಬಿಯ ಎರಡು ಹಾಕಿಸಿ. ಅಲ್ಲಿ ಚಿತ್ರ ಬಿಡಿಸುವ ಕೆಲಸಕ್ಕೂ ಇದೇ ರ‍್ಯಾಮ್ ಬೇಕು. ಎರಡು ಸ್ಟಿಕ್ ಇದ್ದರೆ ಮಾಹಿತಿ ಎರಡು ದಾರಿಯಲ್ಲಿ ಓಡಾಡುತ್ತದೆ, ಆಟ ತಡವರಿಸುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ.

ಸಮುದ್ರದ ಪಕ್ಕ ಇರುವವರಿಗೆ ಇನ್ನೊಂದು ಶತ್ರು ಉಪ್ಪು ಗಾಳಿ. ಫ್ಯಾನು ಎಳೆದುಕೊಂಡ ಗಾಳಿಯ ತೇವ, ಉಪ್ಪು ಎಲ್ಲ ಬೋರ್ಡಿನ ಮೇಲೆ ಕೂರುತ್ತದೆ, ಬೆಸುಗೆ ಜಾಗದಲ್ಲಿ ಹಸಿರು ಹತ್ತುತ್ತದೆ. ಮಳೆಗಾಲ ಪೂರ್ತಿ ಬಟ್ಟೆ ಮುಚ್ಚಿ ಇಟ್ಟರೆ ಉಳಿಯುತ್ತದೆ ಅಂದುಕೊಳ್ಳುತ್ತಾರೆ. ಉಲ್ಟಾ. ದಿನವೂ ಸ್ವಲ್ಪ ಹೊತ್ತು ಓಡಿಸಿ, ಬಿಸಿಗೆ ತೇವ ಆರುತ್ತದೆ. ಮಕ್ಕಳು ಆಡಲು ಇದಕ್ಕಿಂತ ಒಳ್ಳೆಯ ನೆಪ ಸಿಗಲಿಕ್ಕಿಲ್ಲ.

ಈಗ ಕೂಡಿ ಆಡುವ ವಿಷಯ. ಟಿವಿಗೆ ಸಿಕ್ಕಿಸುವ ಕ್ಯಾಸೆಟ್ ಗೇಮಿನ ಕಾಲದವರಿಗೆ ಕಾಂಟ್ರಾ ಎಂಬ ಗುಂಡಿನ ಆಟ ಗೊತ್ತು. ಅದರಲ್ಲಿ ಜಲಪಾತ ಹತ್ತುವ ಹಂತ ಬರುತ್ತದೆ. ಒಬ್ಬ ಸರಸರ ಮೇಲೆ ಹತ್ತಿದರೆ ಪರದೆಯೂ ಮೇಲೆ ಹೋಗುತ್ತದೆ. ಕೆಳಗೆ ಉಳಿದವನು ವೈರಿಯ ಗುಂಡು ತಾಗದೆಯೇ ಸಾಯುತ್ತಾನೆ. ಪರದೆಯಿಂದ ಜಾರಿದ್ದೇ ಅವನ ತಪ್ಪು! ತಾಳಮದ್ದಳೆಯಲ್ಲಿ ಎದುರಿನವರಿಗೆ ಬಾಯಿ ತೆರೆಯಲು ಬಿಡದ ಅರ್ಥಧಾರಿ ಇರುತ್ತಾರಲ್ಲ, ಹಾಗೆ ಈ ಮುಂದೆ ಓಡುವವನು. ಜೊತೆಗಾರನನ್ನು ಕಾಯುವುದು ಎಷ್ಟೋ ಹುಡುಗರಿಗೆ ಅಭ್ಯಾಸವಾದದ್ದು ಆ ಜಲಪಾತದಲ್ಲೇ.

ಆಮೇಲೆ ಇಂಟರ್ನೆಟ್ ಬಂತು. ಒಂದೇ ಟಿವಿಯಲ್ಲಿ ಇಬ್ಬರು ಆಡುವ ದೊಡ್ಡ ಆಟಗಳು ಕಡಿಮೆಯಾದವು. ಒಬ್ಬೊಬ್ಬರಿಗೂ ಒಂದೊಂದು ಕನ್ಸೋಲ್, ಒಂದೊಂದು ಪ್ರತಿ ಮಾರಬಹುದಲ್ಲ! ಹಾಗಿದ್ದಾಗ 2021ರಲ್ಲಿ ಇಟ್ ಟೇಕ್ಸ್ ಟೂ ಎಂಬ ಆಟ ಬಂತು. ಅದನ್ನು ಒಬ್ಬರೇ ಆಡಲು ಸಾಧ್ಯವೇ ಇಲ್ಲ. ಆಡುವ ಇಬ್ಬರದು ಗಂಡ ಹೆಂಡತಿಯ ಪಾತ್ರ. ಒಂದು ಕಡೆ ಗಂಡನ ಕೈಯಲ್ಲಿ ಮೊಳೆ, ಹೆಂಡತಿಯ ಕೈಯಲ್ಲಿ ಸುತ್ತಿಗೆ. ಅವನು ಗೋಡೆಗೆ ಮೊಳೆ ಎಸೆದರೆ ಇವಳು ಅದಕ್ಕೆ ಸುತ್ತಿಗೆ ಸಿಕ್ಕಿಸಿ ಜೋತಾಡಿ ದಾಟಬೇಕು. ಒಬ್ಬರು ಕೊಂಡರೆ ದೂರದ ಗೆಳೆಯ ಪುಕ್ಕಟೆ ಸೇರಿಕೊಳ್ಳಬಹುದು. ಆ ವರ್ಷ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಎಂಬ ಪ್ರಶಸ್ತಿ ಅದಕ್ಕೇ ಬಂತು. ನನಗೆ ಅದರ ಕತೆ ಅಷ್ಟಕ್ಕಷ್ಟೇ. ಆಟ ಮಾತ್ರ ಭರ್ಜರಿ.

ನಮ್ಮ ಕಡೆ ಜೊತೆಗಾರ ಬೆಂಗಳೂರಿಗೆ ಕೆಲಸಕ್ಕೆ ಹೋಗಿರುತ್ತಾನೆ. ಅದಕ್ಕೂ ದಾರಿ ಇದೆ. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ 2019ರಿಂದ ರಿಮೋಟ್ ಪ್ಲೇ ಟುಗೆದರ್ ಎಂಬ ಸೌಲಭ್ಯ ಇದೆ. ಒಂದೇ ಪರದೆಯಲ್ಲಿ ಇಬ್ಬರು ಆಡುವ ಆಟವನ್ನು ಒಬ್ಬ ಕೊಂಡರೆ ಸಾಕು. ಆಟ ನಡೆಯುವುದು ಅವನ ಕಂಪ್ಯೂಟರಿನಲ್ಲಿ, ಇನ್ನೊಬ್ಬನಿಗೆ ಹೋಗುವುದು ಬರೀ ಚಿತ್ರ. ಅವನ ಹತ್ತಿರ ಹಳೇ ಲ್ಯಾಪ್‌ಟಾಪ್ ಇದ್ದರೂ ನಡೆಯುತ್ತದೆ. ಆದರೆ ಚಿತ್ರ ಕಳಿಸುವವನ ಅಪ್‌ಲೋಡ್ ಚೆನ್ನಾಗಿರಬೇಕು. ಶಿರಸಿ ಘಟ್ಟದಲ್ಲಿ ಒಂದು ಮರ ತಂತಿಯ ಮೇಲೆ ಬಿದ್ದರೆ ಸಂಜೆ ಪೂರ್ತಿ ನೆಟ್ ಇಲ್ಲ. ಅದಕ್ಕೇ ಆಟವನ್ನು ಬೆಂಗಳೂರಿನವನೇ ಕೊಳ್ಳಲಿ. ಸಂಬಳವೂ ಅವನಿಗೇ ಜಾಸ್ತಿ, ಅಲ್ವಾ?

ನಮಸ್ಕಾರ.